ಮಕ್ಕಳ ತೋಟದ ಪೆಟ್ಟಿಗೆ: ಒಂಬತ್ತನೆಯ ದಿನ ಕುಂಡ ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ: ನಾಲ್ಕರಿಂದ ಏಳು ವರ್ಷದ ಮಕ್ಕಳು ತಾವೇ ಗಿಡ ಬೆಳೆಸಲೆಂದು ಒಂದು ಪೆಟ್ಟಿಗೆ ವಿನ್ಯಾಸ ಮಾಡಿದ್ದೇನೆ. ಅದರಲ್ಲಿ ಟೊಮ್ಯಾಟೊ, ಕೊತ್ತಂಬರಿ ಮತ್ತು ತುಳಸಿಯ ಬೀಜ, ನೀರು ಹಾಕಿದರೆ ಉಬ್ಬುವ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬಿಲ್ಲೆಗಳು, ತಳದ ತೊಟ್ಟಿಯಿಂದ ಬತ್ತಿಯ ಮೂಲಕ ತಾನೇ ನೀರು ಹೀರಿಕೊಳ್ಳುವ ಕುಂಡ, ಪ್ಲಾಸ್ಟಿಕ್ ಸಲಿಕೆ, ಹದಿನಾರು ಪುಟದ ಪುಸ್ತಿಕೆ ಇವೆ. ಪರಿಚಯದ ಕೆಲವು ಮನೆಗಳಿಗೆ ಕೊಟ್ಟು ನೋಡಿದೆ. ಮೊದಲ ದಿನ ಮಕ್ಕಳ ಸಂಭ್ರಮ ಹೇಳತೀರದು. ವಾರ ಕಳೆಯುವಷ್ಟರಲ್ಲಿ ಅವರು ಅತ್ತ ಸುಳಿಯಲಿಲ್ಲ, ತಾಯಂದಿರೇ ತೊಟ್ಟಿ ತುಂಬಿಸಿದರು. ಎಲ್ಲಿ ತಪ್ಪಿದೆ? ವಿದೇಶದಲ್ಲಿರುವ ಅಕ್ಕನ ಮಗನಿಗೂ ಒಂದು ಪೆಟ್ಟಿಗೆ ಕಳಿಸಬಹುದೇ? — ಮೈಸೂರಿನ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ತಾಯಂದಿರು ತೊಟ್ಟಿ ತುಂಬಿಸಿದರೆಂಬ ಮಾತಿನಲ್ಲೇ ಉತ್ತರದ ಅರ್ಧ ಭಾಗವಿದೆ. ನೀವು ರೂಪಿಸಿದ ಪೆಟ್ಟಿಗೆ ಗಿಡವನ್ನು ಬದುಕಿಸುವುದಕ್ಕೆ ಚೆನ್ನಾಗಿದೆ, ಆದರೆ ಮಗುವಿಗೆ ಅದರಲ್ಲಿ ಒಂದೇ ದಿನದ ಕೆಲಸವಿದೆ. ಬಿಲ್ಲೆಗೆ ನೀರು ಹಾಕುವುದು, ಅದು ಉಬ್ಬುವುದನ್ನು ನೋಡುವುದು, ಬೆರಳಿನಿಂದ ಗುಳಿ ಮಾಡಿ ಬೀಜ ಇಡುವುದು, ಇಷ್ಟೂ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಆಮೇಲೆ ಟೊಮ್ಯಾಟೊ ತಲೆಯೆತ್ತಲು ಒಂದು ವಾರ, ಕೊತ್ತಂಬರಿಗೆ ಹತ್ತು ಹನ್ನೆರಡು ದಿನ, ಸಸಿ ಕಿತ್ತು ನೆಡುವುದಕ್ಕೆ ಸುಮಾರು ಒಂದು ತಿಂಗಳು, ಹಣ್ಣಿಗೆ ಅಲ್ಲಿಂದ ಮುಂದೆ ಎರಡು ತಿಂಗಳಿಗೂ ಹೆಚ್ಚು. ಬರುವ ಭಾನುವಾರವೇ ಬಹಳ ದೂರವೆನಿಸುವ ನಾಲ್ಕು ವರ್ಷದ ಕೂಸಿಗೆ ಈ ಲೆಕ್ಕ ಹೇಗೆ ಒಗ್ಗೀತು? ಈ ನಡುವೆ ಪ್ರತಿದಿನ ಮಾಡಬಹುದಾಗಿದ್ದ ಒಂದೇ ಕೆಲಸ ನೀರು ಹಾಕುವುದು. ಅದನ್ನೂ ನಿಮ್ಮ ಬತ್ತಿಯ ಕುಂಡ ಕಿತ್ತುಕೊಂಡಿದೆ.

ಆದ್ದರಿಂದ ಮೊದಲು ಆ ಕುಂಡವನ್ನು ತೆಗೆಯಿರಿ ಎಂದೇ ಹೇಳುತ್ತೇನೆ. ಬಹುಶಃ ನೀವು ಹೆಚ್ಚು ಹಣ ಮತ್ತು ಶ್ರಮ ಹಾಕಿರುವುದು ಅದಕ್ಕೇ, ಹಾಗಾಗಿ ಈ ಸಲಹೆ ನಿಮಗೆ ಹಿಡಿಸಲಿಕ್ಕಿಲ್ಲ. ನಾನು ಹಿಂದೆ ಭೇಟಿ ಕೊಡುತ್ತಿದ್ದ ಒಂದು ಶಾಲೆಯಲ್ಲಿ ಸೊಗಸಾದ ಕೈತೋಟವಿತ್ತು. ಪಾತಿಗಳು ನೇರ, ಒಂದು ಕಳೆಯಿಲ್ಲ, ಪ್ರತಿ ಗಿಡಕ್ಕೂ ಹೆಸರಿನ ಫಲಕ. ನೀರು ಹಾಕುವವನು ಮಾಲಿ, ಕಳೆ ಕೀಳುವವನೂ ಅವನೇ; ಮಕ್ಕಳಿಗೆ ಉಳಿದದ್ದು ಹಗ್ಗದ ಆಚೆ ಸಾಲಾಗಿ ನಿಂತು ನೋಡುವ ಕೆಲಸ. ಅದೇ ಊರಿನ ಅಂಗನವಾಡಿಯ ಮಕ್ಕಳು ಒಡೆದ ಬಕೆಟಿನಲ್ಲಿದ್ದ ಸೊಟ್ಟ ಬಸಳೆ ಬಳ್ಳಿಗೆ ಸರದಿಯ ಮೇಲೆ ಲೋಟದಲ್ಲಿ ನೀರು ಹೊತ್ತು ತರುತ್ತಿದ್ದರು. ಇವೊತ್ತು ಯಾರ ಸರದಿ ಎಂಬುದಕ್ಕೆ ಅಲ್ಲಿ ದಿನವೂ ಜಗಳ. ನಿಮ್ಮ ಪೆಟ್ಟಿಗೆ ಅಂಥ ಜಗಳ ಹುಟ್ಟಿಸುವಂತಿರಬೇಕು.

ಈಗ ಬೀಜದ ವಿಚಾರಕ್ಕೆ ಬರೋಣ. ದೊಡ್ಡವರು ಬೀಜವನ್ನು ಆರಿಸುವುದು ಕೊನೆಯಲ್ಲಿ ಸಿಗುವ ಫಲವನ್ನು ನೋಡಿ. ಮಕ್ಕಳಿಗೆ ಆರಿಸುವಾಗ ಮೊದಲ ಐದು ದಿನ ಏನು ಕಾಣುತ್ತದೆ ಎಂಬುದನ್ನು ನೋಡಬೇಕು. ಹೆಸರುಕಾಳನ್ನು ರಾತ್ರಿ ನೆನೆಹಾಕಿ ಒದ್ದೆ ಬಟ್ಟೆಯಲ್ಲಿಟ್ಟರೆ ಮರುದಿನವೇ ಬೇರಿನ ಬಿಳಿ ತುದಿ ಹೊರಬರುತ್ತದೆ. ಮೆಂತ್ಯ ಮೂರರಿಂದ ಐದು ದಿನದಲ್ಲಿ ಹಸಿರಾಗುತ್ತದೆ. ಅಲಸಂದೆಗೆ ನಾಲ್ಕೈದು ದಿನ ಸಾಕು, ಅದರ ಕಾಳು ಪುಟ್ಟ ಬೆರಳುಗಳಿಗೆ ಸುಲಭವಾಗಿ ಸಿಕ್ಕುತ್ತದೆ. ತುಳಸಿಯ ಬೀಜವಾದರೋ ಮಗುವಿನ ಬೆವರಿದ ಅಂಗೈಗೆ ಅಂಟಿಕೊಂಡರೆ ಕುಂಡಕ್ಕೆ ಬಿದ್ದಿತೋ ಇಲ್ಲವೋ ಎಂಬುದೇ ತಿಳಿಯುವುದಿಲ್ಲ.

ಹೆಸರು ಮತ್ತು ಅಲಸಂದೆಯನ್ನು ನಾನು ಮುಂದೆ ಮಾಡುವುದಕ್ಕೆ ಬೇರೊಂದು ಕಾರಣವೂ ಇದೆ. ಕಡಲೆ, ಬಟಾಣಿ, ತೊಗರಿಗಳ ಬೇಳೆ ಮಣ್ಣಿನೊಳಗೇ ಉಳಿದು ಚಿಗುರು ಮಾತ್ರ ಮೇಲೆ ಬರುತ್ತದೆ. ಹೆಸರು ಮತ್ತು ಅಲಸಂದೆಗಳಲ್ಲಿ ಕಾಂಡವು ಕೊಕ್ಕೆಯಂತೆ ಬಾಗಿ ಮಣ್ಣನ್ನು ಸೀಳಿ, ಬಿತ್ತಿದ ಕಾಳನ್ನೇ ಎಳೆದುಕೊಂಡು ಮೇಲೇಳುತ್ತದೆ. ಎಷ್ಟೋ ಸಲ ಸಿಪ್ಪೆ ಇನ್ನೂ ಟೋಪಿಯಂತೆ ಅಂಟಿಕೊಂಡಿರುತ್ತದೆ. ತಾನು ಮೊನ್ನೆ ಹೂತಿಟ್ಟ ಕಾಳೇ ಈಗ ತಲೆಯಾಗಿ ಎದ್ದು ಬಂದಿರುವುದನ್ನು ಮಗು ಗುರುತಿಸುತ್ತದೆ. ಬೀಜದಿಂದ ಗಿಡ ಬಂತು ಎಂಬುದನ್ನು ಪುಸ್ತಿಕೆಯಲ್ಲಿ ಹದಿನಾರು ಪುಟ ವಿವರಿಸುವ ಅಗತ್ಯ ಆಗ ಬೀಳುವುದಿಲ್ಲ.

ಅವಧಿ ಎಷ್ಟಿರಬೇಕೆಂಬುದಕ್ಕೆ ನಮ್ಮ ಮನೆಗಳಲ್ಲೇ ಒಂದು ಮಾದರಿಯಿದೆ. ಉತ್ತರ ಕರ್ನಾಟಕದಲ್ಲಿ ನವರಾತ್ರಿಯ ಮೊದಲ ದಿನ ಘಟಸ್ಥಾಪನೆ ಮಾಡಿ, ಸುತ್ತಲಿನ ಮಣ್ಣಿನಲ್ಲಿ ಧಾನ್ಯ ಬಿತ್ತಿ, ದಿನವೂ ನೀರು ಚಿಮುಕಿಸುತ್ತಾರೆ. ಒಂಬತ್ತು ದಿನ ತುಂಬುವಾಗ ಗೇಣುದ್ದದ ಪೈರು ನಿಂತಿರುತ್ತದೆ. ಮದುವೆಯ ಅಂಕುರಾರ್ಪಣೆಯಲ್ಲಿ ಪಾಲಿಕೆಗಳೆಂಬ ಪುಟ್ಟ ಪಾತ್ರೆಗಳಿಗೆ ನವಧಾನ್ಯ ಹಾಕುವುದೂ ಇಂಥದ್ದೇ ಲೆಕ್ಕ. ಆಚರಣೆಯ ಅರ್ಥ ಏನೇ ಇರಲಿ, ವಿನ್ಯಾಸಕಾರರಾಗಿ ನೀವು ಗಮನಿಸಬೇಕಾದದ್ದು ಅದರ ಅಳತೆಯನ್ನು: ಬಿತ್ತನೆ, ನಿತ್ಯದ ಕೆಲಸ, ಕಣ್ಣಿಗೆ ಕಾಣುವ ಬೆಳವಣಿಗೆ, ಮುಕ್ತಾಯ, ನಾಲ್ಕೂ ಒಂಬತ್ತು ದಿನದೊಳಗೆ. ಹೀಗಾಗಿ ಪೆಟ್ಟಿಗೆಯ ಮೊದಲ ಬೆಳೆಯಾಗಿ ಮೆಂತ್ಯವನ್ನಿಡಿ. ಒಂಬತ್ತು ಹತ್ತನೆಯ ದಿನ ಎಳೆಯ ಮೆಂತ್ಯವನ್ನು ಮೊಂಡು ಕತ್ತರಿಯಿಂದ ಮಗು ತಾನೇ ಕತ್ತರಿಸಿ ಅಡುಗೆಮನೆಗೆ ಒಯ್ದು ಕೊಟ್ಟರೆ, ಒಂದು ದೋಸೆಯ ಮೇಲೆ ಉದುರಿಸುವಷ್ಟಾದರೂ ಸಿಗುತ್ತದೆ. ಆ ಮೊದಲ ಸುತ್ತು ಮುಗಿಸಿದವರಿಗೆ ಎರಡನೆಯ ಬೆಳೆಯಾಗಿ ಅಲಸಂದೆ ಇರಲಿ. ಅದು ದೊಡ್ಡ ಕುಂಡಕ್ಕೆ ಹೋಗಿ ಆರೇಳು ವಾರದಲ್ಲಿ ಹೂ ಬಿಡುತ್ತದೆ.

ನಮ್ಮ ಕಡೆಯ ಪೆಟ್ಟಿಗೆಗೆ ಅವರೆಯೇ ಒಪ್ಪುವುದಲ್ಲವೇ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಆದರೆ ನಾಟಿ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂವಿಗೆ ಬರುವ ಬೆಳೆ. ಫೆಬ್ರವರಿಯಲ್ಲಿ ಬಿತ್ತಿದ ಮಗುವಿಗೆ ತಿಂಗಳುಗಟ್ಟಲೆ ಬರೀ ಎಲೆ, ಬಳ್ಳಿ. ಹಗಲಿನ ಉದ್ದಕ್ಕೆ ಕಾಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಕೊಟ್ಟಿದೆ. ಅವರೆಯನ್ನೇ ಇಡಬೇಕೆಂದಿದ್ದರೆ ಅವನ್ನು ಕೇಳಿ ತನ್ನಿ, ಸಂತೆಯ ಕಾಳನ್ನು ತುಂಬಬೇಡಿ.

ಒಂದು ಕುಂಡಕ್ಕೆ ಎಷ್ಟು ಬೀಜ ಎಂಬುದನ್ನು ಅಂದಾಜಿಗೆ ಬಿಡಬಾರದು. ಪ್ರಮಾಣೀಕೃತ ಬೀಜಕ್ಕೆ ಸರ್ಕಾರ ನಿಗದಿಪಡಿಸಿರುವ ಕನಿಷ್ಠ ಮೊಳಕೆ ಪ್ರಮಾಣ ಮೆಂತ್ಯಕ್ಕೆ ನೂರಕ್ಕೆ 70, ಹೆಸರು ಮತ್ತು ಅಲಸಂದೆಗೆ 75. ನೂರಕ್ಕೆ 70 ಎಂದರೆ ರೈತನಿಗೆ ಸಮಾಧಾನದ ಮಾತು. ಒಂದೊಂದೇ ಬೀಜ ಬಿತ್ತಿದ ನೂರು ಮಕ್ಕಳಲ್ಲಿ ಮೂವತ್ತು ಮಕ್ಕಳ ಕುಂಡ ಬರಿದಾಗಿ ಉಳಿಯುತ್ತದೆ ಎಂದೂ ಅದರ ಅರ್ಥ. ಮೂರು ಬೀಜ ಬಿತ್ತಿದರೆ ಬರಿದಾಗುವ ಕುಂಡ ನೂರಕ್ಕೆ ಮೂರಕ್ಕಿಂತ ಕಡಿಮೆ, ಐದು ಬಿತ್ತಿದರೆ ಸಾವಿರಕ್ಕೆ ಎರಡೋ ಮೂರೋ. ಮೆಂತ್ಯವನ್ನು ಹೇಗೂ ಚಿಟಿಕೆಗಟ್ಟಲೆ ಉದುರಿಸುವುದರಿಂದ ಚಿಂತೆಯಿಲ್ಲ. ಅಲಸಂದೆಯನ್ನು ಕುಂಡಕ್ಕೆ ಐದರಂತೆ ಹಾಕಿಸಿ. ಹೆಚ್ಚಾಗಿ ಬಂದ ಸಸಿಗಳನ್ನು ಕಿತ್ತೆಸೆಯುವಂತೆ ಮಾತ್ರ ಪುಸ್ತಿಕೆಯಲ್ಲಿ ಬರೆಯಬೇಡಿ, ಯಾವ ಮಗುವೂ ಅದಕ್ಕೆ ಒಪ್ಪುವುದಿಲ್ಲ. ಇನ್ನೊಂದು ಡಬ್ಬಿಗೆ ಸ್ಥಳಾಂತರಿಸುವ ಕೆಲಸವಾಗಿ ಅದನ್ನು ಕೊಡಿ.

ಕುಂಡದ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಮಕ್ಕಳ ಗಿಡ ಸಾಯುವುದು ಹೆಚ್ಚಾಗಿ ಅಲ್ಲಿ, ಅದೂ ನೀರು ಹೆಚ್ಚಾಗಿ. ಅಡುಗೆಮನೆಯ ಸ್ಪಂಜನ್ನು ಪೂರ್ತಿ ನೀರಿನಲ್ಲಿ ಅದ್ದಿ, ಮಲಗಿಸಿದಂತೆ ಅಂಗೈಗಳ ಮೇಲೆ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಈಗ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ, ಮತ್ತೆ ನೀರು ಇಳಿಯತೊಡಗುತ್ತದೆ. ಕುಂಡದ ಮಣ್ಣು ನಡೆದುಕೊಳ್ಳುವುದೂ ಹೀಗೆಯೇ: ತಳದಲ್ಲಿ ಒಂದಷ್ಟು ಎತ್ತರದವರೆಗೆ ನೀರು ಸಿಕ್ಕಿಹಾಕಿಕೊಂಡು ನಿಲ್ಲುತ್ತದೆ, ಆ ಎತ್ತರ ಮಣ್ಣಿನ ಗುಣಕ್ಕೆ ತಕ್ಕಂತೆ ಇರುತ್ತದೆಯೇ ಹೊರತು ಕುಂಡದ ಎತ್ತರಕ್ಕೆ ತಕ್ಕಂತೆ ಅಲ್ಲ. ಐದು ಸೆಂಟಿಮೀಟರಿನ ಮುದ್ದಾದ ಕುಂಡದಲ್ಲಿ ಬಹುಪಾಲು ಭಾಗ ಸದಾ ಒದ್ದೆ, ಬೇರಿಗೆ ಉಸಿರಾಡಲು ಗಾಳಿಯಿಲ್ಲ. ಹತ್ತು ಸೆಂಟಿಮೀಟರಿನ ಕುಂಡದಲ್ಲಿ ಮೇಲಿನ ಅರ್ಧವಾದರೂ ಗಾಳಿಯಾಡುತ್ತದೆ. ತಳಕ್ಕೆ ಜಲ್ಲಿಕಲ್ಲು ಹಾಕಿದರೆ ಸರಿಹೋಗುತ್ತದೆಂದು ಬಹಳ ಜನ ನಂಬಿದ್ದಾರೆ. ಜಲ್ಲಿ ಆ ಒದ್ದೆಯ ಪದರವನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ, ಅಷ್ಟೇ. ಆದುದರಿಂದ ಕುಂಡ ಅಗಲಕ್ಕಿಂತ ಎತ್ತರವಾಗಿರಲಿ, ತಳದಲ್ಲಿ ಪೆನ್ಸಿಲ್ ತೂರುವಷ್ಟು ದೊಡ್ಡ ನಾಲ್ಕು ತೂತುಗಳಿರಲಿ.

ಜೊತೆಗೆ, ಆ ಕುಂಡ ಪಾರದರ್ಶಕವಾಗಿರಲಿ, ಅದಕ್ಕೊಂದು ರಟ್ಟಿನ ಕವಚವಿರಲಿ. ಬೇರು ಬೆಳಕಿನಿಂದ ದೂರ ಸರಿಯುವುದರಿಂದಲೂ, ಬೆಳಕು ಬಿದ್ದಲ್ಲಿ ಪಾಚಿ ಕಟ್ಟುವುದರಿಂದಲೂ ಕವಚ ಬೇಕು. ಮಗು ದಿನಕ್ಕೊಮ್ಮೆ ಅದನ್ನು ಮೇಲಕ್ಕೆ ಜಾರಿಸಿ ಒಳಗೆ ನೋಡುವಂತಿರಬೇಕು. ಕಾಳುಗಳನ್ನು ಗೋಡೆಗೆ ಒತ್ತಿದಂತೆ ಬಿತ್ತಿಸಿದರೆ, ಮೇಲೆ ಏನೂ ಕಾಣದ ಎರಡನೆಯ ದಿನವೇ ಬದಿಯಲ್ಲಿ ಬೇರು ಇಳಿಯುವುದು ಕಾಣುತ್ತದೆ. ಕವಚದ ಹೊರಮೈ ಖಾಲಿಯಿದ್ದರೆ ಮಗು ಅದರ ಮೇಲೆ ತನ್ನ ಹೆಸರು ಬರೆದುಕೊಳ್ಳುತ್ತದೆ, ಚಿತ್ರ ಬಿಡಿಸುತ್ತದೆ. ಜರ್ಮನಿಯ ಶಿಕ್ಷಣತಜ್ಞ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ 'ಮಕ್ಕಳ ತೋಟ' ಎಂಬ ಅರ್ಥದ ಕಿಂಡರ್‌ಗಾರ್ಟನ್ ಎಂಬ ಹೆಸರಿಟ್ಟಾಗ, ಅಲ್ಲಿ ನಿಜವಾದ ತೋಟವೂ ಇತ್ತು, ಎಲ್ಲರ ಪಾತಿಗಳ ಜೊತೆಗೆ ಒಂದೊಂದು ಮಗುವಿಗೂ ತನ್ನದೇ ಪುಟ್ಟ ಪಾತಿಯಿತ್ತು. ಈಗಿನ ಎಲ್‌ಕೆಜಿಗಳಲ್ಲಿ ಹೆಸರು ಉಳಿದಿದೆ, ಪಾತಿ ಹೋಗಿದೆ. ನಿಮ್ಮ ಪೆಟ್ಟಿಗೆಯಲ್ಲಿ ಎರಡು ಕುಂಡಗಳಿರಲಿ, ಅಣ್ಣನಿಗೊಂದು, ತಂಗಿಗೊಂದು.

ಪ್ಲಾಸ್ಟಿಕ್ ಕಡಿಮೆ ಮಾಡಬೇಕೆಂದರೆ ತೆಂಗಿನ ಚಿಪ್ಪನ್ನು ಯೋಚಿಸಿ. ಮೂರು ಕಣ್ಣಿರುವ ಅರ್ಧ ಚಿಪ್ಪಿನಲ್ಲಿ ಒಂದು ಕಣ್ಣು ಮೆತ್ತಗಿರುತ್ತದೆ, ಮೊಳೆಯಿಂದ ಒತ್ತಿದರೆ ನೀರಿಳಿಯುವ ತೂತು ತಾನಾಗಿ ಸಿದ್ಧ. ಆಳ ಕಡಿಮೆಯಾದ್ದರಿಂದ ಒಂಬತ್ತು ದಿನದ ಮೆಂತ್ಯಕ್ಕೆ ಸಾಕು, ಅಲಸಂದೆಗೆ ಸಾಲದು.

ನೀರಿನ ಅಳತೆಗೆ ಕೆಮ್ಮಿನ ಔಷಧಿಯ ಬಾಟಲಿಯ ಜೊತೆ ಬರುವ 10 ಮಿಲಿಲೀಟರಿನ ಮುಚ್ಚಳಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ. ಸುಮಾರು 200 ಮಿಲಿಲೀಟರ್ ಹಿಡಿಯುವ ಕುಂಡಕ್ಕೆ ದಿನಕ್ಕೆ ಅಂಥ ಎರಡು ಮೂರು ಮುಚ್ಚಳ ನೀರು ಸಾಕು. ಮಗುವಿಗೆ ಝಾರಿ ಕೊಟ್ಟು 'ಸ್ವಲ್ಪ ಹಾಕು' ಎಂದರೆ ಅದು ಝಾರಿ ಖಾಲಿಯಾಗುವವರೆಗೆ ಹಾಕುತ್ತದೆ, ಏಕೆಂದರೆ ಸುರಿಯುವುದೇ ಅದಕ್ಕೆ ಆಟ; 'ಮೂರು ಮುಚ್ಚಳ' ಎಂದರೆ ಎಣಿಸುತ್ತ ಹಾಕುತ್ತದೆ, ಸುರಿಯುವ ಆಟವೂ ಮೂರು ಸಲ ಸಿಗುತ್ತದೆ. ಅಂಥದ್ದೇ ಒಂದು ಪುಟ್ಟ ಬಟ್ಟಲನ್ನು ನೀವು ಪೆಟ್ಟಿಗೆಯಲ್ಲಿ ಕೊಡಿ. ಬೇಸಿಗೆಯ ಕಲಬುರಗಿಗೂ ಮಳೆಗಾಲದ ಮಂಗಳೂರಿಗೂ ಒಂದೇ ಅಳತೆ ನಡೆಯುವುದಿಲ್ಲವಾದ್ದರಿಂದ ಹಾಕುವ ಮೊದಲು ಬೆರಳು ಒತ್ತಿ ನೋಡುವುದನ್ನು ಕಲಿಸಿರಿ: ಬೆರಳಿಗೆ ಒದ್ದೆ ಪುಡಿ ಅಂಟಿದರೆ ಇವತ್ತು ನೀರಿಗೆ ರಜೆ. ಪ್ಲಾಸ್ಟಿಕ್ ಸಲಿಕೆ ಬೇಡವೇ ಬೇಡ, ಎರಡು ದಿನಕ್ಕೆ ಮುರಿಯುತ್ತದೆ. ಮನೆಯ ಹಳೆಯ ಚಮಚ ಸಾಕು.

ಮಕ್ಕಳು ಬಿತ್ತಿದ ಬೀಜವನ್ನು ಮರುದಿನ ಅಗೆದು ನೋಡುತ್ತಾರೆ. ಇದನ್ನು ಯಾವ ಸೂಚನೆಯಿಂದಲೂ ತಡೆಯಲಾಗದು, ತಡೆಯಲೂಬಾರದು. ಮೊದಮೊದಲು ನಾನು 'ಮುಟ್ಟಬೇಡಿ' ಎಂದು ಹೇಳಿ, ಬೆನ್ನು ತಿರುಗಿಸಿದ ಕೂಡಲೇ ಕೊತ್ತಂಬರಿಯ ಇಡೀ ಪಾತಿ ತಲೆಕೆಳಗಾದದ್ದನ್ನು ನೋಡಿ ಬುದ್ಧಿ ಕಲಿತೆ. ಅಂದಿನಿಂದ ಪ್ರತಿ ಮಗುವಿಗೂ ಎರಡು ಹೆಚ್ಚುವರಿ ಕಾಳುಗಳನ್ನು ಒದ್ದೆ ಹತ್ತಿಯ ಮೇಲಿಟ್ಟು, ಇವು ನೋಡುವ ಕಾಳು, ಅವು ಬೆಳೆಯುವ ಕಾಳು ಎಂದು ಹೇಳಿಕೊಡುತ್ತೇನೆ. ನೋಡುವ ಕಾಳನ್ನು ಹಿಸುಕಬಹುದು, ಸಿಪ್ಪೆ ಬಿಡಿಸಬಹುದು, ಎರಡು ಹೋಳು ಮಾಡಿ ಒಳಗಿನ ಪುಟಾಣಿ ಎಲೆಗಳನ್ನು ಹುಡುಕಬಹುದು.

ಪುಸ್ತಿಕೆಯ ಹದಿನಾರು ಪುಟಗಳನ್ನು ಓದುವವರು ತಂದೆತಾಯಿಗಳು, ಓದಿದ ಮೇಲೆ ಕೆಲಸವನ್ನು ತಾವೇ ಸರಿಯಾಗಿ ಮಾಡತೊಡಗುತ್ತಾರೆ. ಅದರ ಬದಲು ಗೋಡೆಗೆ ಅಂಟಿಸುವ ಒಂದೇ ಹಾಳೆ ಮಾಡಿ: ಒಂಬತ್ತು ಮನೆ, ಮನೆಗೊಂದು ಚಿತ್ರ, ಹೆಚ್ಚೆಂದರೆ ಎರಡು ಪದ. ಹಾಳೆಯ ಕೆಳಗೆ ಬಣ್ಣದ ಕಾಗದದ ಪಟ್ಟಿಗಳಿರಲಿ. ದಿನವೂ ಒಂದು ಪಟ್ಟಿಯನ್ನು ಗಿಡದ ಪಕ್ಕ ಹಿಡಿದು, ಗಿಡದಷ್ಟೇ ಎತ್ತರಕ್ಕೆ ಕತ್ತರಿಸಿ, ಆ ದಿನದ ಮನೆಯಲ್ಲಿ ಅಂಟಿಸಿದರೆ ಅಂಕಿಗಳನ್ನೇ ಅರಿಯದ ಮಗುವೂ ನಿನ್ನೆಗಿಂತ ಇವತ್ತು ಎಷ್ಟು ಬೆಳೆಯಿತೆಂದು ಬೆರಳಿಟ್ಟು ತೋರಿಸುತ್ತದೆ.

ಇನ್ನು ಸುರಕ್ಷತೆಯ ಮಾತು. ಬೀಜದಂಗಡಿಯ ಪೊಟ್ಟಣಗಳಲ್ಲಿ ಗುಲಾಬಿ ಅಥವಾ ಹಸಿರು ಬಣ್ಣ ಹಚ್ಚಿದ ಬೀಜಗಳು ಬರುತ್ತವೆ; ಅದು ಥೈರಾಮ್, ಕ್ಯಾಪ್ಟಾನ್‌ನಂಥ ಶಿಲೀಂಧ್ರನಾಶಕಗಳಿಂದ ಬೀಜೋಪಚಾರ ಮಾಡಿದ ಗುರುತು. ಒಮ್ಮೆ ನಾನೇ ಅವಸರದಲ್ಲಿ ಅಂಥ ಮೂಲಂಗಿ ಬೀಜ ಹಂಚಿ, ಮಕ್ಕಳ ಬೆರಳ ತುದಿಗಳೆಲ್ಲ ಗುಲಾಬಿಯಾದದ್ದನ್ನು ಕಂಡು, ಎಲ್ಲರನ್ನೂ ನಲ್ಲಿಗೆ ಓಡಿಸಿದ್ದೇನೆ. ಬೀಜೋಪಚಾರ ಮಾಡದ ಬೀಜವೇ ಬೇಕೆಂದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲೋ ಕೃಷಿ ವಿಶ್ವವಿದ್ಯಾಲಯದಲ್ಲೋ ವಿಚಾರಿಸಿ. ನೋಡಲು ಚೆಂದವೆಂದು ಹರಳು (ಔಡಲ) ಮತ್ತು ಗುಲಗಂಜಿಯ ಬೀಜಗಳನ್ನು ಅಲಂಕಾರಕ್ಕೂ ಇಡಬಾರದು, ಎರಡೂ ಘೋರ ವಿಷ. ಮೂರು ವರ್ಷದೊಳಗಿನ ಮಕ್ಕಳಿಗೆ ಕಾಳು ಕೊಡುವಂತಿಲ್ಲ. ಮೂಗಿಗೆ ಏರಿಸಿಕೊಂಡ ಕಾಳು ಅಲ್ಲಿನ ತೇವಕ್ಕೆ ಊದಿಕೊಂಡು ತೆಗೆಯುವುದೇ ಕಷ್ಟವಾಗುತ್ತದೆ. ಮನೆಯಲ್ಲಿ ಅಂಥ ತಮ್ಮನೋ ತಂಗಿಯೋ ಇರುವುದು ಸಾಮಾನ್ಯವಾದ್ದರಿಂದ ಪೆಟ್ಟಿಗೆಯ ಮೇಲೆ ಇದನ್ನು ದಪ್ಪಕ್ಷರದಲ್ಲಿ ಮುದ್ರಿಸಿ. ಆ ಪುಟ್ಟವರಿಗೆ ದೊಡ್ಡಪತ್ರೆಯ ಒಂದು ಕಡ್ಡಿ ಸಾಕು: ಚುಚ್ಚಿದರೆ ಒಂದೆರಡು ವಾರದಲ್ಲಿ ಬೇರು ಬಿಡುತ್ತದೆ, ಎಲೆ ಮಖಮಲ್ಲಿನಂತಿರುತ್ತದೆ, ಉಜ್ಜಿದರೆ ಘಮ, ಬಾಯಿಗೆ ಹಾಕಿಕೊಂಡರೂ ತಂಬುಳಿಯ ಸೊಪ್ಪೇ ತಾನೇ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 14 ವರ್ಷದೊಳಗಿನವರ ಆಟಕ್ಕೆಂದು ಮಾಡಿದ ವಸ್ತುಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನಿಮ್ಮ ಪೆಟ್ಟಿಗೆಯನ್ನು ಆಟಿಕೆಯೆಂದು ಕರೆಯುವ ಮೊದಲೇ ಭಾರತೀಯ ಮಾನಕ ಬ್ಯೂರೋದ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ಬೀಜ ಮಾರಾಟಕ್ಕೆ 1983ರ ಬೀಜ ನಿಯಂತ್ರಣ ಆದೇಶದಡಿ ಪರವಾನಗಿ ಬೇಕಾಗುವುದರಿಂದ ಕೃಷಿ ಇಲಾಖೆಯನ್ನೂ ಕಾಣಬೇಕು.

ಕೊಕೊಪೀಟ್ ಬಗ್ಗೆ ನಿಮ್ಮ ಆಯ್ಕೆ ಸರಿಯಾಗಿದೆ. ಹಗುರ, ಸ್ವಚ್ಛ, ಉಬ್ಬುವಾಗ ನೋಡಲು ಮೋಜು. ಉಪ್ಪಿನಂಶ ತೊಳೆದ ಪೀಟನ್ನೇ ಕೊಳ್ಳಿ. ತೊಳೆಯದ ಮಾಲಿನಲ್ಲಿ ಎಳೆಯ ಸಸಿಯ ಎಲೆ ಅಂಚು ಸುಡುತ್ತದೆ. ಅದರಲ್ಲಿ ಪೋಷಕಾಂಶ ಇಲ್ಲವೆಂದೇ ಹೇಳಬೇಕು, ಆದರೂ ಒಂಬತ್ತು ದಿನ ಸಸಿ ಬದುಕುವುದು ಹೆಚ್ಚಾಗಿ ತನ್ನ ಬೇಳೆಯ ಬುತ್ತಿಯಿಂದ. ಅಲಸಂದೆಗೆ ಮಾತ್ರ ಮುಂದೆ ಮಣ್ಣು, ಎರೆಗೊಬ್ಬರ ಬೇಕು.

ಇಷ್ಟೆಲ್ಲ ಮಾಡಿದರೂ ಕೆಲವು ಗಿಡ ಸಾಯುತ್ತವೆ. ಜುಲೈ ತಿಂಗಳ ಕರಾವಳಿಯಲ್ಲಿ ಬುಡ ಕೊಳೆತು ಸಸಿಗಳು ರಾತ್ರೋರಾತ್ರಿ ಮಲಗಿಬಿಡುತ್ತವೆ; ಬೆಂಗಳೂರಿನ ಬಾಲ್ಕನಿಯಲ್ಲಿ ಪಾರಿವಾಳ ಚಿಗುರನ್ನು ಹೆಕ್ಕುತ್ತದೆ; ಇರುವೆಗಳು ಸಣ್ಣ ಬೀಜವನ್ನು ಹೊತ್ತೊಯ್ಯುತ್ತವೆ. ಪೆಟ್ಟಿಗೆಯಲ್ಲಿ ಎರಡು ಬಿತ್ತನೆಗೆ ಆಗುವಷ್ಟು ಬೀಜವನ್ನು ಬೇರೆ ಬೇರೆ ಕಾಗದದ ಪೊಟ್ಟಣಗಳಲ್ಲಿಡಿ, ಎರಡನೆಯದರ ಮೇಲೆ 'ಮತ್ತೊಮ್ಮೆ' ಎಂದಷ್ಟೇ ಬರೆಯಿರಿ. ಕಾಗದದ ಪೊಟ್ಟಣ ಎಂದದ್ದು ಸುಮ್ಮನೆ ಅಲ್ಲ: ಬೆಸುಗೆ ಹಾಕಿದ ಪ್ಲಾಸ್ಟಿಕ್ ಪೊಟ್ಟಣವನ್ನು ಐದು ವರ್ಷದ ಕೈ ಬಿಚ್ಚಲಾರದು, ಅಲ್ಲಿಗೆ ಮೊದಲ ನಿಮಿಷದಲ್ಲೇ ಪೆಟ್ಟಿಗೆ ಅಪ್ಪನ ಕೈ ಸೇರುತ್ತದೆ. ಮುಂದಿನ ಪ್ರಯೋಗಕ್ಕೆ ಹೋದಾಗ ಮೂಲೆಯಲ್ಲಿ ಕುಳಿತು ಇದನ್ನೇ ಬರೆದುಕೊಳ್ಳಿ: ಯಾವ ಯಾವ ಹಂತದಲ್ಲಿ ದೊಡ್ಡವರ ಕೈ ಮುಂದೆ ಬಂತು. ಒಂಬತ್ತನೆಯ ದಿನ ಮತ್ತೆ ಹೋಗಿ ಕುಂಡ ಎಲ್ಲಿದೆ ಎಂದು ಕೇಳಿ. ಉತ್ತರ ಕೊಡಲು ಯಾರು ಓಡಿಬರುತ್ತಾರೆಂದು ನೋಡಿ.

ಅಕ್ಕನ ಮಗನ ಪೆಟ್ಟಿಗೆಯಿಂದ ಬೀಜಗಳನ್ನು ತೆಗೆದು ಉಳಿದದ್ದನ್ನು ಕಳಿಸಿ. ಅಮೆರಿಕ, ಆಸ್ಟ್ರೇಲಿಯಾದಂಥ ದೇಶಗಳ ಸಸ್ಯ ಸಂಪರ್ಕತಡೆ ನಿಯಮ ಬಿಗಿಯಾಗಿದೆ, ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದ ಬೀಜವನ್ನು ಗಡಿಯಲ್ಲೇ ತಡೆಹಿಡಿಯುತ್ತಾರೆ. ಕೊಕೊಪೀಟ್‌ಗೂ ತೊಂದರೆಯಾಗಬಹುದು, ಅದನ್ನೂ ಬಿಡಿ. ಮೆಂತ್ಯ ಮತ್ತು ಹೆಸರುಕಾಳು ಅಲ್ಲಿನ ಭಾರತೀಯ ದಿನಸಿ ಅಂಗಡಿಯಲ್ಲಿ ಸಿಗುತ್ತವೆ. ಅಲ್ಲಿ ಚಳಿಗಾಲವಾಗಿದ್ದರೆ ಬಿಸಿಲು ಬೀಳುವ ಕಿಟಕಿಯ ಒಳಬದಿಯಲ್ಲಿಡಲು ಅಕ್ಕನಿಗೆ ಹೇಳಿ, ಮೊಳಕೆ ಎರಡು ಮೂರು ದಿನ ತಡವಾಗಬಹುದೆಂಬುದನ್ನು ಮಗುವಿಗೆ ಮೊದಲೇ ಹೇಳಿಡಲಿ.